ಭಾರತೀಯ ನೌಕಾಪಡೆಯ ನಿವೃತ್ತ ಯುದ್ಧನೌಕೆಗಳ ವಿಲೇವಾರಿ

ನಿವೃತ್ತ ಯುದ್ಧನೌಕೆಗಳ ವಿಲೇವಾರಿ ಎಂದರೆ ಸೇವಾವಧಿ ಮುಗಿದ ಯುದ್ಧನೌಕೆ, ಜಲಾಂತರ್ಗಾಮಿ ಹಾಗೂ ಸಹಾಯಕ ನೌಕೆಗಳನ್ನು ನೌಕಾಪಡೆಯ ಸೇವೆಯಿಂದ ಬಿಡುಗಡೆ ಮಾಡಿ, ಕೆಲಕಾಲ ಬಂದರಿನಲ್ಲಿ ಇರಿಸಿ, ಅನಂತರ ಒಡೆಯಲು ಮಾರುವ, ವಸ್ತುಸಂಗ್ರಹಾಲಯವಾಗಿ ಉಳಿಸುವ, ಸಮರಾಭ್ಯಾಸದಲ್ಲಿ ಗುರಿಯಾಗಿ ಬಳಸುವ ಅಥವಾ ಬೇರೊಂದು ದೇಶಕ್ಕೆ ಹಸ್ತಾಂತರಿಸುವ ಪ್ರಕ್ರಿಯೆ. ಭಾರತೀಯ ನೌಕಾಪಡೆಯ ಬಹುಪಾಲು ಹಳೆಯ ಹಡಗುಗಳು ಹರಾಜಿನ ಮೂಲಕ ಗುಜರಿಗೆ ಸೇರಿವೆ. ಕೆಲವು ಮಾತ್ರ ವಸ್ತುಸಂಗ್ರಹಾಲಯಗಳಾಗಿ ಉಳಿದಿವೆ. ದೇಶದ ಮೊದಲ ಎರಡು ವಿಮಾನವಾಹಕ ನೌಕೆಗಳಾದ ಐಎನ್‌ಎಸ್ ವಿಕ್ರಾಂತ್ ಮತ್ತು ಐಎನ್‌ಎಸ್ ವಿರಾಟ್‌ಗಳನ್ನು ಉಳಿಸಿಕೊಳ್ಳುವ ಪ್ರಯತ್ನಗಳು ವಿಫಲವಾಗಿ ಎರಡೂ ಒಡೆಯಲ್ಪಟ್ಟವು. ಈ ಎರಡು ಪ್ರಕರಣಗಳು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, ಐತಿಹಾಸಿಕ ನೌಕೆಗಳ ಸಂರಕ್ಷಣೆಯ ಹೊಣೆ ಮತ್ತು ವೆಚ್ಚ ಯಾರದು ಎಂಬ ಚರ್ಚೆಗೆ ಕಾರಣವಾದವು.

ಹಿನ್ನೆಲೆ

ಯುದ್ಧನೌಕೆಯೊಂದರ ಸೇವಾವಧಿ ಸಾಮಾನ್ಯವಾಗಿ 25ರಿಂದ 40 ವರ್ಷಗಳು. ಉಪ್ಪುನೀರಿನಿಂದ ಒಡಲಿನ ಉಕ್ಕು ಸವೆಯುತ್ತದೆ, ಎಂಜಿನ್ ಹಾಗೂ ಬಾಯ್ಲರ್‌ಗಳ ಬಿಡಿಭಾಗಗಳು ದೊರೆಯದಂತಾಗುತ್ತವೆ, ರೇಡಾರ್ ಮತ್ತು ಕ್ಷಿಪಣಿ ವ್ಯವಸ್ಥೆಗಳು ಹಳತಾಗುತ್ತವೆ. ದುರಸ್ತಿಯ ವೆಚ್ಚವು ಹಡಗಿನಿಂದ ದೊರೆಯುವ ಪ್ರಯೋಜನವನ್ನು ಮೀರಿದಾಗ ಅದನ್ನು ಸೇವೆಯಿಂದ ತೆಗೆಯಲು ನಿರ್ಧರಿಸಲಾಗುತ್ತದೆ.

ಒಂದು ದೇಶದಲ್ಲಿ ನಿವೃತ್ತವಾದ ಹಡಗು ಮತ್ತೊಂದು ದೇಶದಲ್ಲಿ ಹೊಸದಾಗಿ ಸೇವೆಗೆ ಸೇರುವುದು ಅಪರೂಪವೇನಲ್ಲ. ಸ್ವಾತಂತ್ರ್ಯಾನಂತರದ ಭಾರತೀಯ ನೌಕಾಪಡೆ ಬೆಳೆದದ್ದೇ ಇಂತಹ ಹಡಗುಗಳಿಂದ. ಬ್ರಿಟನ್ನಿನ ಎಚ್‌ಎಂಎಸ್ ನೈಜೀರಿಯಾ ಎಂಬ ಕ್ರೂಸರ್ ನೌಕೆ 1957ರಲ್ಲಿ ಐಎನ್‌ಎಸ್ ಮೈಸೂರು ಎಂಬ ಹೆಸರಿನಲ್ಲಿ ಭಾರತೀಯ ನೌಕಾಪಡೆಯನ್ನು ಸೇರಿ 1985ರವರೆಗೆ ಸೇವೆಯಲ್ಲಿತ್ತು. ಎಚ್‌ಎಂಎಸ್ ಹರ್ಮಿಸ್ 1987ರಲ್ಲಿ ಐಎನ್‌ಎಸ್ ವಿರಾಟ್ ಆಯಿತು. ಅಮೆರಿಕದ ಯುಎಸ್‌ಎಸ್ ಟ್ರೆಂಟನ್ 2007ರಲ್ಲಿ ಐಎನ್‌ಎಸ್ ಜಲಾಶ್ವ ಆಯಿತು. ರಷ್ಯಾದ ಅಡ್ಮಿರಲ್ ಗೊರ್ಶ್ಕೋವ್ ಸಂಪೂರ್ಣ ಮರುನಿರ್ಮಾಣದ ಬಳಿಕ 2013ರಲ್ಲಿ ಐಎನ್‌ಎಸ್ ವಿಕ್ರಮಾದಿತ್ಯ ಎಂಬ ಹೆಸರಿನಲ್ಲಿ ಸೇವೆಗೆ ಸೇರಿತು. ವಿಕ್ರಮಾದಿತ್ಯದ ನೆಲೆ ಕರ್ನಾಟಕದ ಕಾರವಾರದಲ್ಲಿರುವ ಐಎನ್‌ಎಸ್ ಕದಂಬ.

ಸೇವಾ ನಿವೃತ್ತಿ

ಹಡಗಿನ ನಿವೃತ್ತಿಯು ಒಂದು ವಿಧಿಬದ್ಧ ಸಮಾರಂಭದೊಂದಿಗೆ ನಡೆಯುತ್ತದೆ. ನಿವೃತ್ತಿಯ ದಿನ ಹಡಗಿನಲ್ಲಿ ಸೇವೆ ಸಲ್ಲಿಸಿದ ಹಿಂದಿನ ನಾಯಕರು ಮತ್ತು ನಾವಿಕರು ಸೇರುತ್ತಾರೆ. ಸೂರ್ಯಾಸ್ತದ ಹೊತ್ತಿಗೆ ರಾಷ್ಟ್ರಧ್ವಜ, ನೌಕಾ ಧ್ವಜ ಹಾಗೂ ಹಡಗಿನ ಸೇವೆಯ ಗುರುತಾದ ಉದ್ದನೆಯ ಪತಾಕೆಯನ್ನು ಕೊನೆಯ ಬಾರಿಗೆ ಇಳಿಸಲಾಗುತ್ತದೆ. ಆ ಕ್ಷಣದಿಂದ ಅದು ನೌಕಾಪಡೆಯ ಹಡಗಾಗಿ ಉಳಿಯುವುದಿಲ್ಲ. ಹೆಸರಿನ ಹಿಂದಿನ ‘ಐಎನ್‌ಎಸ್’ ಎಂಬ ಉಪಾಧಿಯೂ ಇಲ್ಲವಾಗುತ್ತದೆ. ಈ ಕಾರಣದಿಂದಲೇ ವಸ್ತುಸಂಗ್ರಹಾಲಯವಾಗಿದ್ದ ಅವಧಿಯಲ್ಲಿ ವಿಕ್ರಾಂತ್ ನೌಕೆಯನ್ನು ‘ಐಎಂಎಸ್ ವಿಕ್ರಾಂತ್’, ಅಂದರೆ ಭಾರತೀಯ ವಸ್ತುಸಂಗ್ರಹಾಲಯ ನೌಕೆ ಎಂದು ಕರೆಯಲಾಗುತ್ತಿತ್ತು.

ಹಡಗು ಹೋದರೂ ಹೆಸರು ಉಳಿಯುವುದು ನೌಕಾಪಡೆಯ ಸಂಪ್ರದಾಯ. 1971ರ ಯುದ್ಧದಲ್ಲಿ ಮುಳುಗಿದ ಐಎನ್‌ಎಸ್ ಖುಕ್ರಿಯ ಹೆಸರನ್ನು 1989ರಲ್ಲಿ ಸೇವೆಗೆ ಸೇರಿದ ಕಾರ್ವೆಟ್ ನೌಕೆಗೆ ಇಡಲಾಯಿತು. ಮೈಸೂರು ಎಂಬ ಹೆಸರು 1999ರಲ್ಲಿ ಸೇವೆಗೆ ಬಂದ ವಿನಾಶಕ ನೌಕೆಗೆ ಬಂದಿತು. ವಿಕ್ರಾಂತ್ ಎಂಬ ಹೆಸರು 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ಸೇವೆಗೆ ಸೇರಿದ, ದೇಶದಲ್ಲೇ ನಿರ್ಮಿತವಾದ ಮೊದಲ ವಿಮಾನವಾಹಕ ನೌಕೆಗೆ ಸಂದಿತು.

ನಿಲುಗಡೆ ಮತ್ತು ಸಂಗ್ರಹ

ನಿವೃತ್ತ ಹಡಗಿನ ಅಂತಿಮ ಗತಿ ನಿರ್ಧಾರವಾಗುವವರೆಗೆ ಅದನ್ನು ನೌಕಾಂಗಳದಲ್ಲಿ ಅಥವಾ ಬಂದರಿನ ಒಳಭಾಗದಲ್ಲಿ ಕಟ್ಟಿ ನಿಲ್ಲಿಸಲಾಗುತ್ತದೆ. ಮೊದಲ ಹಂತದಲ್ಲಿ ಮದ್ದುಗುಂಡು, ಕ್ಷಿಪಣಿ, ಇಂಧನ ಮತ್ತು ಗೋಪ್ಯ ಉಪಕರಣಗಳನ್ನು ಇಳಿಸುತ್ತಾರೆ. ಬಳಿಕ ಅದೇ ವರ್ಗದ ಇತರ ಹಡಗುಗಳಿಗೆ ಉಪಯುಕ್ತವಾಗುವ ಪಂಪು, ಜನರೇಟರ್, ರೇಡಾರ್ ಮುಂತಾದ ಭಾಗಗಳನ್ನು ಬಿಚ್ಚಿಕೊಳ್ಳುತ್ತಾರೆ.

ಚಾಲಕಶಕ್ತಿ ಇಲ್ಲದ ಹಡಗನ್ನು ತೇಲಿಸಿ ಇಡುವುದು ಸುಲಭದ ಕೆಲಸವಲ್ಲ. ಒಡಲಿನಲ್ಲಿ ಸಮುದ್ರದ ನೀರನ್ನು ಒಳಗೆಳೆದುಕೊಳ್ಳುವ ಹಲವಾರು ರಂಧ್ರಗಳಿರುತ್ತವೆ. ಅವುಗಳ ಕವಾಟಗಳು ತುಕ್ಕು ಹಿಡಿದರೆ ನೀರು ಒಳನುಗ್ಗುತ್ತದೆ. ಆದ್ದರಿಂದ ನೀರಿನ ಮಟ್ಟದ ಕೆಳಗಿನ ರಂಧ್ರಗಳನ್ನು ಉಕ್ಕಿನ ಫಲಕಗಳಿಂದ ಮುಚ್ಚಲಾಗುತ್ತದೆ. ವಿರಾಟ್ ನೌಕೆಯನ್ನು 2016ರಲ್ಲಿ ಕೊಚ್ಚಿಯ ಹಡಗುಕಟ್ಟೆಗೆ ಕೊಂಡೊಯ್ದು ಅದರ ಚಾಲಕ ಚಕ್ರಗಳನ್ನೂ ಚುಕ್ಕಾಣಿಯನ್ನೂ ತೆಗೆದು, ತಳದ ರಂಧ್ರಗಳನ್ನು ಮುಚ್ಚಿ, ಅನಂತರ ಎಳೆದೋಣಿಗಳ ನೆರವಿನಿಂದ ಮುಂಬಯಿಗೆ ಮರಳಿ ತರಲಾಯಿತು. ಅದರ ಔಪಚಾರಿಕ ನಿವೃತ್ತಿ ನಡೆದದ್ದು 2017ರ ಮಾರ್ಚ್ 6ರಂದು.

ದೀರ್ಘಕಾಲ ಇರಿಸಬೇಕಾದ ಹಡಗುಗಳಿಗೆ ಎರಡು ರಕ್ಷಣಾ ಕ್ರಮಗಳು ಮುಖ್ಯ. ಮೊದಲನೆಯದು ಒಳಗಾಳಿಯ ತೇವಾಂಶವನ್ನು ಯಂತ್ರಗಳ ಮೂಲಕ ತಗ್ಗಿಸುವುದು. ಸಾಪೇಕ್ಷ ತೇವಾಂಶ ಶೇಕಡಾ 50ಕ್ಕಿಂತ ಕೆಳಗಿದ್ದರೆ ಉಕ್ಕಿಗೆ ತುಕ್ಕು ಹಿಡಿಯುವುದು ಬಹುಮಟ್ಟಿಗೆ ನಿಧಾನವಾಗುತ್ತದೆ. ಎರಡನೆಯದು ಒಡಲಿನ ಹೊರಭಾಗಕ್ಕೆ ಸಣ್ಣ ಪ್ರಮಾಣದ ವಿದ್ಯುತ್ ಪ್ರವಾಹ ಹರಿಸಿ ಅಥವಾ ಸತುವಿನಂತಹ ಲೋಹದ ಗಟ್ಟಿಗಳನ್ನು ಜೋಡಿಸಿ ಉಕ್ಕಿನ ಸವೆತವನ್ನು ತಡೆಯುವುದು. ಸತುವಿನ ಗಟ್ಟಿಯು ಉಕ್ಕಿಗಿಂತ ಮೊದಲು ತಾನೇ ಕರಗಿಹೋಗುವುದರಿಂದ ಒಡಲು ಉಳಿಯುತ್ತದೆ. ಇವೆಲ್ಲಕ್ಕೂ ಕಾವಲು, ವಿದ್ಯುತ್ತು, ನಿಯತಕಾಲಿಕ ತಪಾಸಣೆ ಹಾಗೂ ಬಂದರಿನ ಜಾಗ ಬೇಕಾಗುತ್ತದೆ. ಮುಂಬಯಿಯಂತಹ ಇಕ್ಕಟ್ಟಾದ ನೌಕಾಂಗಳದಲ್ಲಿ ದೊಡ್ಡ ಹಡಗೊಂದು ವರ್ಷಗಟ್ಟಲೆ ನಿಂತರೆ ಸೇವೆಯಲ್ಲಿರುವ ಹಡಗುಗಳಿಗೆ ಸ್ಥಳವಿಲ್ಲದಂತಾಗುತ್ತದೆ.

ವಿಲೇವಾರಿಯ ವಿಧಾನಗಳು

ಹರಾಜು ಮತ್ತು ಒಡೆಯುವಿಕೆ

ಭಾರತದಲ್ಲಿ ಅತಿ ಸಾಮಾನ್ಯವಾದ ವಿಧಾನವಿದು. ಹಡಗಿನ ಬೆಲೆಯನ್ನು ಮುಖ್ಯವಾಗಿ ಅದರ ಬರಿಯ ತೂಕದ ಆಧಾರದ ಮೇಲೆ, ಅಂದರೆ ಇಂಧನ, ಸರಕು, ನೀರು ಮತ್ತು ಸಿಬ್ಬಂದಿಯಿಲ್ಲದ ತೂಕದ ಮೇಲೆ ಅಂದಾಜಿಸಲಾಗುತ್ತದೆ. ವಿರಾಟ್ ನೌಕೆಯ ಮಾರಾಟವು ಕೇಂದ್ರ ಸರ್ಕಾರದ ಉದ್ಯಮವಾದ ಎಂಎಸ್‌ಟಿಸಿ ನಡೆಸಿದ ವಿದ್ಯುನ್ಮಾನ ಹರಾಜಿನಲ್ಲಿ ನಡೆಯಿತು.

ಸರಕು ಹಡಗಿಗೆ ಹೋಲಿಸಿದರೆ ಯುದ್ಧನೌಕೆಯನ್ನು ಒಡೆಯುವುದು ಕಷ್ಟ. ಸರಕು ಹಡಗಿನ ಒಡಲು ಬಹುಮಟ್ಟಿಗೆ ಟೊಳ್ಳು. ಯುದ್ಧನೌಕೆಯಾದರೋ ದಾಳಿಗೆ ತುತ್ತಾದಾಗ ನೀರು ಒಂದೆಡೆಯಿಂದ ಇನ್ನೊಂದೆಡೆಗೆ ಹರಡದಂತೆ ನೂರಾರು ಸಣ್ಣ ಕೋಣೆಗಳಾಗಿ ವಿಭಜಿತವಾಗಿರುತ್ತದೆ. ತಂತಿ ಮತ್ತು ಕೊಳವೆಗಳು ದಟ್ಟವಾಗಿರುತ್ತವೆ. ಒಂದು ಟನ್ ಉಕ್ಕನ್ನು ಹೊರತೆಗೆಯಲು ಹೆಚ್ಚು ಶ್ರಮ ಬೇಕಾಗುತ್ತದೆ. ಆದರೆ ತಾಮ್ರ, ಕಂಚು ಮತ್ತು ಅಲ್ಯೂಮಿನಿಯಂ ಪ್ರಮಾಣ ಹೆಚ್ಚಿರುವುದರಿಂದ ಖರೀದಿದಾರರಿಗೆ ಆಕರ್ಷಣೆಯೂ ಉಂಟು.

ವಸ್ತುಸಂಗ್ರಹಾಲಯ

ಸೋವಿಯತ್ ನಿರ್ಮಿತ ಜಲಾಂತರ್ಗಾಮಿ ಐಎನ್‌ಎಸ್ ಕುರ್ಸುರಾ 1969ರಲ್ಲಿ ಸೇವೆಗೆ ಸೇರಿ 2001ರಲ್ಲಿ ನಿವೃತ್ತವಾಯಿತು. ಸುಮಾರು 91 ಮೀಟರ್ ಉದ್ದದ ಅದನ್ನು ವಿಶಾಖಪಟ್ಟಣದ ರಾಮಕೃಷ್ಣ ಕಡಲತೀರಕ್ಕೆ ಎಳೆದು ತಂದು 2002ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಲಾಯಿತು. ಐಎನ್‌ಎಸ್ ಖುಕ್ರಿ 2021ರ ಡಿಸೆಂಬರ್‌ನಲ್ಲಿ ನಿವೃತ್ತವಾಗಿ, 2022ರ ಜನವರಿಯಲ್ಲಿ ದಿಯು ಆಡಳಿತಕ್ಕೆ ಹಸ್ತಾಂತರಗೊಂಡಿತು. ಮೊದಲ ಖುಕ್ರಿ 1971ರ ಡಿಸೆಂಬರ್ 9ರಂದು ಮುಳುಗಿದ್ದು ದಿಯು ಸಮೀಪದ ಸಮುದ್ರದಲ್ಲೇ ಆದುದರಿಂದ ಈ ಆಯ್ಕೆಗೆ ವಿಶೇಷ ಅರ್ಥವಿದೆ.

ಗುರಿನೌಕೆ

ಕ್ಷಿಪಣಿ ಮತ್ತು ಟಾರ್ಪಿಡೊಗಳ ನೈಜ ಪರಿಣಾಮವನ್ನು ಅರಿಯಲು ಹಳೆಯ ಹಡಗುಗಳನ್ನು ಸಮುದ್ರಮಧ್ಯದಲ್ಲಿ ಗುರಿಯಾಗಿ ಇರಿಸಿ ಹೊಡೆಯುವುದುಂಟು. 2020ರ ಅಕ್ಟೋಬರ್‌ನಲ್ಲಿ ಐಎನ್‌ಎಸ್ ಪ್ರಬಲ್ ಹಾರಿಸಿದ ನೌಕಾನಾಶಕ ಕ್ಷಿಪಣಿಯು ಹಳೆಯ ನೌಕೆಯೊಂದನ್ನು ಮುಳುಗಿಸಿತು. ಈ ವಿಧಾನದಿಂದ ಗುಜರಿಯ ಹಣ ಕೈತಪ್ಪಿದರೂ, ಯುದ್ಧನೌಕೆಯ ರಚನೆ ಏಟನ್ನು ಹೇಗೆ ತಾಳಿಕೊಳ್ಳುತ್ತದೆ ಎಂಬ ಮಾಹಿತಿ ದೊರೆಯುತ್ತದೆ.

ನೀರಡಿಯ ಆಕರ್ಷಣೆ

ಸ್ವಚ್ಛಗೊಳಿಸಿದ ಹಡಗನ್ನು ಆಳವಿಲ್ಲದ ಸಮುದ್ರದಲ್ಲಿ ಮುಳುಗಿಸಿದರೆ ಅದರ ಮೇಲೆ ಹವಳ, ಪಾಚಿ ಮತ್ತು ಚಿಪ್ಪುಜೀವಿಗಳು ನೆಲೆಸಿ ಮೀನುಗಳನ್ನು ಆಕರ್ಷಿಸುತ್ತವೆ. 2024ರ ಜನವರಿಯಲ್ಲಿ ಪೋರ್ಟ್ ಬ್ಲೇರ್‌ನಲ್ಲಿ ನಿವೃತ್ತವಾದ ಐಎನ್‌ಎಸ್ ಗುಲ್ದಾರ್ ಎಂಬ ಸೇನಾಸಾಗಣೆ ನೌಕೆಯನ್ನು ಮಹಾರಾಷ್ಟ್ರದ ಪ್ರವಾಸೋದ್ಯಮ ನಿಗಮವು ಸಿಂಧುದುರ್ಗ ಕರಾವಳಿಯಲ್ಲಿ ನೀರಡಿಯ ವಸ್ತುಸಂಗ್ರಹಾಲಯ ಹಾಗೂ ಕೃತಕ ಬಂಡೆಯಾಗಿಸುವ ಯೋಜನೆಗೆ ಪಡೆದುಕೊಂಡಿದೆ.

ಹಸ್ತಾಂತರ

ಬಳಕೆಗೆ ಯೋಗ್ಯವಾದ ಹಡಗನ್ನು ಮಿತ್ರದೇಶಕ್ಕೆ ನೀಡುವುದು ರಾಜತಾಂತ್ರಿಕ ಕ್ರಮವೂ ಹೌದು. ಐಎನ್‌ಎಸ್ ಸಿಂಧುವೀರ್ ಜಲಾಂತರ್ಗಾಮಿಯನ್ನು 2020ರಲ್ಲಿ ಮ್ಯಾನ್ಮಾರ್‌ಗೆ, ಐಎನ್‌ಎಸ್ ಕಿರ್ಪಾಣ್ ಕಾರ್ವೆಟ್ ನೌಕೆಯನ್ನು 2023ರ ಜುಲೈನಲ್ಲಿ ವಿಯೆಟ್ನಾಂಗೆ ನೀಡಲಾಯಿತು. ರಷ್ಯಾದಿಂದ ಗುತ್ತಿಗೆಗೆ ಪಡೆದಿದ್ದ ಅಣುಶಕ್ತಿಚಾಲಿತ ಜಲಾಂತರ್ಗಾಮಿ ಐಎನ್‌ಎಸ್ ಚಕ್ರ 2021ರಲ್ಲಿ ಆ ದೇಶಕ್ಕೆ ಮರಳಿತು. ಅದರಿಂದಾಗಿ ಅದರ ವಿಲೇವಾರಿಯ ಹೊಣೆ ಭಾರತಕ್ಕೆ ಬರಲಿಲ್ಲ.

ಒಡೆಯುವ ಪ್ರಕ್ರಿಯೆ

ಗುಜರಾತಿನ ಭಾವನಗರ ಜಿಲ್ಲೆಯ ಅಲಂಗ್ ಜಗತ್ತಿನ ಅತಿ ದೊಡ್ಡ ಹಡಗು ಒಡೆಯುವ ತಾಣಗಳಲ್ಲೊಂದು. 1983ರಲ್ಲಿ ಆರಂಭವಾದ ಇದು ಖಂಭಾತ್ ಕೊಲ್ಲಿಯ ದಂಡೆಯಲ್ಲಿ ಸುಮಾರು 10 ಕಿಲೋಮೀಟರ್ ಉದ್ದಕ್ಕೆ ಹಬ್ಬಿದೆ. ಇಲ್ಲಿಯ ಸಮುದ್ರದ ಭರತ ಮತ್ತು ಇಳಿತಗಳ ನಡುವಿನ ಅಂತರ ಬಹಳ ಹೆಚ್ಚು. ಅಮಾವಾಸ್ಯೆ, ಹುಣ್ಣಿಮೆಗಳ ದೊಡ್ಡ ಭರತದ ವೇಳೆ ಹಡಗನ್ನು ದಂಡೆಯತ್ತ ನೂಕಿದರೆ, ನೀರು ಇಳಿದಾಗ ಅದು ಇಳಿಜಾರಾದ ನೆಲದ ಮೇಲೆ ನಿಂತುಬಿಡುತ್ತದೆ. ಒಣ ಹಡಗುಕಟ್ಟೆಯ ವೆಚ್ಚವಿಲ್ಲದೆ ಕೆಲಸ ಸಾಗುವುದೇ ಈ ವಿಧಾನದ ಆಕರ್ಷಣೆ. ಮುಂಬಯಿಯ ದಾರುಖಾನಾ ಇನ್ನೊಂದು ಹಳೆಯ ತಾಣ.

ಕೆಲಸ ಮುಂಭಾಗದಿಂದ ಆರಂಭವಾಗುತ್ತದೆ. ಮೊದಲಿಗೆ ಉಳಿದ ಎಣ್ಣೆ ಮತ್ತು ಅನಿಲಗಳನ್ನು ತೆಗೆದು, ಬೆಂಕಿಯ ಕೆಲಸಕ್ಕೆ ಹಡಗು ಸುರಕ್ಷಿತವೆಂಬ ಪ್ರಮಾಣಪತ್ರ ಪಡೆಯಬೇಕು. ಅನಂತರ ಕಾರ್ಮಿಕರು ಅನಿಲದ ಜ್ವಾಲೆಯಿಂದ ಒಡಲನ್ನು ದೊಡ್ಡ ತುಂಡುಗಳಾಗಿ ಕತ್ತರಿಸುತ್ತಾರೆ. ಈ ತುಂಡುಗಳನ್ನು ದಂಡೆಗೆಳೆದು ಮತ್ತಷ್ಟು ಸಣ್ಣ ಹಾಳೆಗಳಾಗಿ ಕತ್ತರಿಸಲಾಗುತ್ತದೆ. ಹಡಗಿನ ಉಕ್ಕಿನ ಹಾಳೆಗಳು ಉತ್ತಮ ಗುಣಮಟ್ಟದವಾದುದರಿಂದ ಹೆಚ್ಚಿನವನ್ನು ಕರಗಿಸದೆ, ಬಿಸಿ ಮಾಡಿ ನೇರವಾಗಿ ಕಟ್ಟಡದ ಸರಳುಗಳಾಗಿ ಎಳೆಯುತ್ತಾರೆ. ಭಾವನಗರ ಮತ್ತು ಸಿಹೋರ್ ಸುತ್ತಮುತ್ತಲಿನ ರೋಲಿಂಗ್ ಮಿಲ್ಲುಗಳು ಇದೇ ಉಕ್ಕನ್ನು ಅವಲಂಬಿಸಿವೆ. ಪೀಠೋಪಕರಣ, ಅಡುಗೆಮನೆಯ ಸಾಮಾನು, ಹಾಸಿಗೆ ಮುಂತಾದವು ಅಲಂಗ್ ರಸ್ತೆಯ ಬದಿಯ ಅಂಗಡಿಗಳಲ್ಲಿ ಮಾರಾಟವಾಗುತ್ತವೆ.

ಅಪಾಯಗಳು

ಹಳೆಯ ಯುದ್ಧನೌಕೆಗಳಲ್ಲಿ ಮಾನವರಿಗೂ ಪರಿಸರಕ್ಕೂ ಹಾನಿಕರವಾದ ವಸ್ತುಗಳು ಇರುತ್ತವೆ. ಅವುಗಳಲ್ಲಿ ಮುಖ್ಯವಾದವು ಹೀಗಿವೆ:

ಕಲ್ನಾರು: ಹಬೆಯಂತ್ರದ ಹಡಗುಗಳಲ್ಲಿ ಬಾಯ್ಲರ್ ಮತ್ತು ಕೊಳವೆಗಳಿಗೆ ಶಾಖನಿರೋಧಕವಾಗಿ ಬಳಸಲಾಗುತ್ತಿತ್ತು. ಇದರ ಸೂಕ್ಷ್ಮ ಎಳೆಗಳು ಉಸಿರಿನೊಂದಿಗೆ ಶ್ವಾಸಕೋಶ ಸೇರಿದರೆ ದಶಕಗಳ ನಂತರವೂ ಕ್ಯಾನ್ಸರ್ ಕಾಣಿಸಿಕೊಳ್ಳಬಹುದು.

ಪಾಲಿಕ್ಲೋರಿನೇಟೆಡ್ ಬೈಫೀನೈಲ್: ಹಳೆಯ ವಿದ್ಯುತ್ ತಂತಿಗಳ ಹೊದಿಕೆ, ಟ್ರಾನ್ಸ್‌ಫಾರ್ಮರ್ ಎಣ್ಣೆ ಮತ್ತು ಬಣ್ಣಗಳಲ್ಲಿರುತ್ತದೆ. ಪ್ರಕೃತಿಯಲ್ಲಿ ಬೇಗ ಕರಗುವುದಿಲ್ಲ, ಮೀನುಗಳ ಮೂಲಕ ಆಹಾರ ಸರಪಣಿಯನ್ನು ಸೇರುತ್ತದೆ.

ಭಾರಲೋಹಗಳು: ಬಣ್ಣದಲ್ಲಿ ಸೀಸ, ಉಪಕರಣಗಳಲ್ಲಿ ಪಾದರಸ, ಬ್ಯಾಟರಿಗಳಲ್ಲಿ ಸೀಸ ಮತ್ತು ಆಮ್ಲ.

ಒಡಲಿನ ವಿಷಬಣ್ಣ: ಚಿಪ್ಪುಜೀವಿಗಳು ಅಂಟದಂತೆ ಬಳಿಯುತ್ತಿದ್ದ ತವರಸಂಯುಕ್ತದ ಬಣ್ಣಗಳನ್ನು 2008ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದವು ನಿಷೇಧಿಸಿದೆ. ಆದರೂ ಹಳೆಯ ಹಡಗುಗಳ ಒಳಪದರಗಳಲ್ಲಿ ಅವು ಉಳಿದಿರಬಹುದು.

ವಿಕಿರಣಶೀಲ ವಸ್ತು: ಹಳೆಯ ಮಾಪಕಗಳ ಮುಖಫಲಕಗಳು ಕತ್ತಲಲ್ಲಿ ಹೊಳೆಯುವಂತೆ ರೇಡಿಯಂ ಲೇಪ ಬಳಸುತ್ತಿದ್ದುದುಂಟು.

ಇವಲ್ಲದೆ ಎತ್ತರದಿಂದ ಬೀಳುವುದು, ಉಕ್ಕಿನ ತುಂಡುಗಳು ಮೇಲೆ ಬೀಳುವುದು, ಮುಚ್ಚಿದ ಕೋಣೆಗಳಲ್ಲಿ ಉಳಿದ ಅನಿಲ ಸ್ಫೋಟಿಸುವುದು ಕಾರ್ಮಿಕರು ನಿತ್ಯ ಎದುರಿಸುವ ಅಪಾಯಗಳು. ಅಲಂಗ್‌ನ ಕಾರ್ಮಿಕರಲ್ಲಿ ಬಹುಪಾಲು ಜನ ಉತ್ತರ ಪ್ರದೇಶ, ಬಿಹಾರ, ಜಾರ್ಖಂಡ್ ಮತ್ತು ಒಡಿಶಾಗಳಿಂದ ವಲಸೆ ಬಂದವರು. ಕಲ್ನಾರಿನಂತಹ ವಸ್ತುವಿನ ಪರಿಣಾಮ ಕಾಣಿಸುವ ಹೊತ್ತಿಗೆ ಅವರು ಊರಿಗೆ ಮರಳಿರುತ್ತಾರಾದ್ದರಿಂದ, ಕಾಯಿಲೆಗೂ ಕೆಲಸಕ್ಕೂ ಇರುವ ಸಂಬಂಧ ದಾಖಲೆಗೆ ಬರುವುದು ಕಷ್ಟವಾಗುತ್ತದೆ.

ಪ್ರಮುಖ ಪ್ರಕರಣಗಳು

ಐಎನ್‌ಎಸ್ ವಿಕ್ರಾಂತ್

ಬ್ರಿಟನ್ನಿನಲ್ಲಿ ಎಚ್‌ಎಂಎಸ್ ಹರ್ಕ್ಯುಲಿಸ್ ಎಂಬ ಹೆಸರಿನಲ್ಲಿ ನಿರ್ಮಾಣ ಆರಂಭವಾಗಿ, 1945ರಲ್ಲಿ ನೀರಿಗಿಳಿದು, ಎರಡನೆಯ ಮಹಾಯುದ್ಧ ಮುಗಿದ ಕಾರಣ ಅಪೂರ್ಣವಾಗಿ ಉಳಿದಿದ್ದ ಈ ನೌಕೆಯನ್ನು ಭಾರತ 1957ರಲ್ಲಿ ಖರೀದಿಸಿತು. 1961ರ ಮಾರ್ಚ್ 4ರಂದು ಬೆಲ್‌ಫಾಸ್ಟ್‌ನಲ್ಲಿ ಸೇವೆಗೆ ಸೇರಿತು. 1971ರ ಯುದ್ಧದಲ್ಲಿ ಬಂಗಾಳ ಕೊಲ್ಲಿಯಲ್ಲಿದ್ದು, ಇದರಿಂದ ಹಾರಿದ ಸೀ ಹಾಕ್ ಮತ್ತು ಅಲಿಝೆ ವಿಮಾನಗಳು ಚಿತ್ತಗಾಂಗ್ ಹಾಗೂ ಕಾಕ್ಸ್ ಬಜಾರ್ ಮೇಲೆ ದಾಳಿ ನಡೆಸಿದವು. 1997ರ ಜನವರಿ 31ರಂದು ನಿವೃತ್ತವಾಯಿತು.

ನಿವೃತ್ತಿಯ ಬಳಿಕ ವಿಕ್ರಾಂತ್ ಮುಂಬಯಿಯಲ್ಲಿ ತೇಲುವ ವಸ್ತುಸಂಗ್ರಹಾಲಯವಾಗಿತ್ತು. ಅದನ್ನು ಶಾಶ್ವತವಾಗಿ ನೆಲೆಗೊಳಿಸುವ ಯೋಜನೆಗಳಿಗೆ ಹಣ ಒದಗಿಸುವವರು ದೊರೆಯಲಿಲ್ಲ. ಒಡಲು ಶಿಥಿಲಗೊಂಡು ಸುರಕ್ಷಿತವಲ್ಲವೆಂದು 2012ರಲ್ಲಿ ಸಾರ್ವಜನಿಕ ಪ್ರವೇಶವನ್ನು ನಿಲ್ಲಿಸಲಾಯಿತು. 2014ರ ಆರಂಭದಲ್ಲಿ ನಡೆದ ಹರಾಜಿನಲ್ಲಿ ಐಬಿ ಕಮರ್ಷಿಯಲ್ಸ್ ಎಂಬ ಸಂಸ್ಥೆ ಅದನ್ನು ಸುಮಾರು 60 ಕೋಟಿ ರೂಪಾಯಿಗೆ ಕೊಂಡಿತು. ಮಾರಾಟವನ್ನು ಪ್ರಶ್ನಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಬಾಂಬೆ ಹೈಕೋರ್ಟ್ ತಿರಸ್ಕರಿಸಿತು. ಸರ್ವೋಚ್ಚ ನ್ಯಾಯಾಲಯವು ಮೇ ತಿಂಗಳಲ್ಲಿ ತಡೆಯಾಜ್ಞೆ ನೀಡಿತಾದರೂ ಆಗಸ್ಟ್‌ನಲ್ಲಿ ಮೇಲ್ಮನವಿಯನ್ನು ತಳ್ಳಿಹಾಕಿತು. 2014ರ ನವೆಂಬರ್‌ನಲ್ಲಿ ದಾರುಖಾನಾದಲ್ಲಿ ಒಡೆಯುವ ಕೆಲಸ ಆರಂಭವಾಯಿತು.

ಹಡಗಿನ ಲೋಹದ ಒಂದು ಭಾಗವನ್ನು ಬಜಾಜ್ ಸಂಸ್ಥೆಯು ಖರೀದಿಸಿ 2016ರಲ್ಲಿ ಬಿಡುಗಡೆಯಾದ ‘ವಿ’ ಸರಣಿಯ ಮೋಟಾರುಬೈಕುಗಳಲ್ಲಿ ಬಳಸಿತು. ಅದೇ ಲೋಹದಿಂದ ಮಾಡಿದ ಸ್ಮಾರಕವೊಂದನ್ನು 2016ರ ಜನವರಿಯಲ್ಲಿ ಮುಂಬಯಿಯಲ್ಲಿ ಸ್ಥಾಪಿಸಲಾಯಿತು.

ಐಎನ್‌ಎಸ್ ವಿರಾಟ್

1959ರಲ್ಲಿ ಬ್ರಿಟಿಷ್ ನೌಕಾಪಡೆಗೆ ಸೇರಿದ ಎಚ್‌ಎಂಎಸ್ ಹರ್ಮಿಸ್, 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟಿಷ್ ಪಡೆಯ ನಾಯಕ ನೌಕೆಯಾಗಿತ್ತು. 1987ರ ಮೇ 12ರಂದು ವಿರಾಟ್ ಎಂಬ ಹೆಸರಿನಲ್ಲಿ ಭಾರತೀಯ ನೌಕಾಪಡೆಗೆ ಸೇರಿ ಸುಮಾರು 30 ವರ್ಷ ಸೇವೆ ಸಲ್ಲಿಸಿತು. ಎರಡು ದೇಶಗಳಲ್ಲಿನ ಒಟ್ಟು ಸೇವೆಯನ್ನು ಗಣಿಸಿದರೆ ಜಗತ್ತಿನಲ್ಲಿ ಅತಿ ದೀರ್ಘಕಾಲ ಸೇವೆಯಲ್ಲಿದ್ದ ವಿಮಾನವಾಹಕ ನೌಕೆಗಳಲ್ಲಿ ಇದೂ ಒಂದು.

2018ರಲ್ಲಿ ಮಹಾರಾಷ್ಟ್ರ ಸಚಿವ ಸಂಪುಟವು ವಿರಾಟ್ ನೌಕೆಯನ್ನು ಸಿಂಧುದುರ್ಗ ಕರಾವಳಿಯಲ್ಲಿ ವಸ್ತುಸಂಗ್ರಹಾಲಯವಾಗಿಸುವ 852 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ನೀಡಿತ್ತು. ಅದು ಕಾರ್ಯರೂಪಕ್ಕೆ ಬರಲಿಲ್ಲ. ಆರ್ಥಿಕವಾಗಿ ಸ್ವಾವಲಂಬಿಯಾದ ಪ್ರಸ್ತಾವ ಬಾರದ ಕಾರಣ ನೌಕೆಯನ್ನು ಗುಜರಿಗೆ ಹಾಕಲು ನಿರ್ಧರಿಸಲಾಗಿದೆ ಎಂದು ಕೇಂದ್ರ ಸರ್ಕಾರ 2019ರಲ್ಲಿ ಸಂಸತ್ತಿಗೆ ತಿಳಿಸಿತು. 2020ರಲ್ಲಿ ಅಲಂಗ್‌ನ ಶ್ರೀರಾಮ್ ಸಮೂಹ 38.54 ಕೋಟಿ ರೂಪಾಯಿಗೆ ಕೊಂಡಿತು. ಸೆಪ್ಟೆಂಬರ್ 19ರಂದು ಮುಂಬಯಿ ಬಿಟ್ಟ ವಿರಾಟ್, ಅದೇ ತಿಂಗಳ 28ರಂದು ಅಲಂಗ್ ದಂಡೆ ಏರಿತು.

ಆ ಬಳಿಕ ಖಾಸಗಿ ಸಂಸ್ಥೆಯೊಂದು ಹಡಗನ್ನು ಮರಳಿ ಕೊಂಡು ಗೋವಾದಲ್ಲಿ ವಸ್ತುಸಂಗ್ರಹಾಲಯ ಮಾಡಲು ಮುಂದಾಯಿತು. ಇದಕ್ಕೆ ಅಗತ್ಯವಾದ ಅನುಮತಿ ಪತ್ರವನ್ನು ರಕ್ಷಣಾ ಸಚಿವಾಲಯ ನಿರಾಕರಿಸಿತು. 2021ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಒಡೆಯುವಿಕೆಗೆ ತಡೆ ನೀಡಿತು. ಆದರೆ ಸುಮಾರು ಶೇಕಡಾ 40ರಷ್ಟು ಭಾಗ ಈಗಾಗಲೇ ಕಳಚಲ್ಪಟ್ಟಿದ್ದು, ಹಡಗು ಖಾಸಗಿ ಸ್ವತ್ತಾಗಿರುವುದನ್ನು ಗಮನಿಸಿದ ನ್ಯಾಯಾಲಯ ಏಪ್ರಿಲ್‌ನಲ್ಲಿ ಅರ್ಜಿಯನ್ನು ವಜಾಗೊಳಿಸಿತು.

ಕ್ಲೆಮೆನ್ಸೊ

ಇದು ಭಾರತದ ನೌಕೆಯಲ್ಲದಿದ್ದರೂ ಭಾರತದಲ್ಲಿ ಹಡಗು ಒಡೆಯುವಿಕೆಯ ಚರ್ಚೆಯನ್ನು ತೀವ್ರಗೊಳಿಸಿತು. ಫ್ರಾನ್ಸಿನ ಈ ನಿವೃತ್ತ ವಿಮಾನವಾಹಕ ನೌಕೆಯು ಒಡೆಯಲ್ಪಡುವುದಕ್ಕಾಗಿ 2005ರ ಡಿಸೆಂಬರ್ 31ರಂದು ತುಲೋನ್ ಬಂದರಿನಿಂದ ಅಲಂಗ್‌ನತ್ತ ಹೊರಟಿತು. ಅದರಲ್ಲಿರುವ ಕಲ್ನಾರಿನ ಪ್ರಮಾಣದ ಬಗ್ಗೆ ಪರಿಸರ ಸಂಘಟನೆಗಳು ಆಕ್ಷೇಪವೆತ್ತಿದವು. ವಿಷಯ ಭಾರತದ ಸರ್ವೋಚ್ಚ ನ್ಯಾಯಾಲಯದ ಮುಂದಿರುವಾಗಲೇ, 2006ರ ಫೆಬ್ರುವರಿಯಲ್ಲಿ ಫ್ರಾನ್ಸಿನ ಅಧ್ಯಕ್ಷ ಜಾಕ್ ಶಿರಾಕ್ ನೌಕೆಯನ್ನು ಹಿಂದಕ್ಕೆ ಕರೆಸಿಕೊಂಡರು. ಕೊನೆಗೆ ಅದನ್ನು ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಒಡೆಯಲಾಯಿತು.

ಕಾನೂನು

ಅಪಾಯಕಾರಿ ತ್ಯಾಜ್ಯವನ್ನು ಒಂದು ದೇಶದಿಂದ ಇನ್ನೊಂದಕ್ಕೆ ಸಾಗಿಸುವುದನ್ನು 1989ರ ಬಾಸೆಲ್ ಒಪ್ಪಂದ ನಿಯಂತ್ರಿಸುತ್ತದೆ. ಹಡಗು ಒಡೆಯುವಿಕೆಗೇ ಮೀಸಲಾದ ಹಾಂಗ್‌ಕಾಂಗ್ ಒಪ್ಪಂದವು 2009ರಲ್ಲಿ ಅಂಗೀಕಾರವಾಗಿ 2025ರ ಜೂನ್ 26ರಂದು ಜಾರಿಗೆ ಬಂದಿತು. ಇದರ ಪ್ರಕಾರ ಪ್ರತಿ ಹಡಗೂ ತನ್ನಲ್ಲಿರುವ ಅಪಾಯಕಾರಿ ವಸ್ತುಗಳ ಪಟ್ಟಿಯನ್ನು ಹೊಂದಿರಬೇಕು. ಭಾರತವು 2019ರಲ್ಲಿ ಹಡಗುಗಳ ಮರುಬಳಕೆ ಕಾಯಿದೆಯನ್ನು ರೂಪಿಸಿ ಈ ಒಪ್ಪಂದಕ್ಕೆ ಸೇರಿತು.

ಆದರೆ ಹಾಂಗ್‌ಕಾಂಗ್ ಒಪ್ಪಂದವು ಯುದ್ಧನೌಕೆಗಳಿಗೆ ಅನ್ವಯಿಸುವುದಿಲ್ಲ. ಪ್ರತಿ ದೇಶವೂ ತನ್ನ ಯುದ್ಧನೌಕೆಗಳ ವಿಷಯದಲ್ಲಿ ಸಾಧ್ಯವಾದಷ್ಟು ಮಟ್ಟಿಗೆ ಒಪ್ಪಂದದ ಆಶಯಕ್ಕೆ ಅನುಗುಣವಾಗಿ ನಡೆಯಬೇಕೆಂದು ಮಾತ್ರ ಅದು ಹೇಳುತ್ತದೆ. ಭಾರತದ ಕಾಯಿದೆಯೂ ಯುದ್ಧನೌಕೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಯುದ್ಧನೌಕೆಯ ರಚನೆ ಗೋಪ್ಯವಾಗಿರುವುದು ಇಂತಹ ವಿನಾಯಿತಿಗೆ ನೀಡಲಾಗುವ ಕಾರಣಗಳಲ್ಲೊಂದು. ಇದರ ಪರಿಣಾಮವಾಗಿ, ಅತಿ ಹೆಚ್ಚು ಅಪಾಯಕಾರಿ ವಸ್ತುಗಳಿರುವ ಹಡಗುಗಳ ವಿಷಯದಲ್ಲೇ ಆ ವಸ್ತುಗಳ ಪಟ್ಟಿ ಸಿದ್ಧಪಡಿಸುವ ಬಾಧ್ಯತೆ ಕಡಿಮೆಯಾಗಿದೆ ಎಂಬುದು ವಿಮರ್ಶಕರ ಆಕ್ಷೇಪ.

ಇತರ ದೇಶಗಳಲ್ಲಿ

ಅಮೆರಿಕ: ಎರಡನೆಯ ಮಹಾಯುದ್ಧದ ಬಳಿಕ ಅಮೆರಿಕವು ಸಾವಿರಾರು ಹಡಗುಗಳನ್ನು ಮೀಸಲು ಪಡೆಯಾಗಿ ಇರಿಸಿತ್ತು. ಅಗತ್ಯ ಬಿದ್ದಾಗ ಮರಳಿ ಸೇವೆಗೆ ಕರೆಯುವುದು ಇದರ ಉದ್ದೇಶ. ಯುಎಸ್‌ಎಸ್ ನ್ಯೂಜೆರ್ಸಿ ಎಂಬ ಸಮರನೌಕೆ 1968ರಲ್ಲಿ ವಿಯೆಟ್ನಾಂ ಯುದ್ಧಕ್ಕಾಗಿ, ಮತ್ತೆ 1982ರಲ್ಲಿ ಹೀಗೆ ಸೇವೆಗೆ ಮರಳಿತು. ಬ್ರೆಮರ್ಟನ್ ಮತ್ತು ಫಿಲಡೆಲ್ಫಿಯಾಗಳಲ್ಲಿ ನಿಷ್ಕ್ರಿಯ ನೌಕೆಗಳ ನಿರ್ವಹಣಾ ಕೇಂದ್ರಗಳಿವೆ. ಹಡಗುಗಳನ್ನು ಗುರಿಯಾಗಿ ಮುಳುಗಿಸುವಾಗ ಸ್ಥಳವು ದಡದಿಂದ ಕನಿಷ್ಠ 50 ನಾಟಿಕಲ್ ಮೈಲಿ ದೂರದಲ್ಲಿದ್ದು, ಕನಿಷ್ಠ 6,000 ಅಡಿ ಆಳವಿರಬೇಕು. ಯುಎಸ್‌ಎಸ್ ಒರಿಸ್ಕನಿಯನ್ನು 2006ರಲ್ಲಿ ಫ್ಲೋರಿಡಾ ಕರಾವಳಿಯಲ್ಲಿ ಕೃತಕ ಬಂಡೆಯಾಗಿ ಮುಳುಗಿಸಲಾಯಿತು. ವಿಮಾನವಾಹಕ ನೌಕೆಗಳಾದ ಕಿಟ್ಟಿ ಹಾಕ್ ಮತ್ತು ಜಾನ್ ಎಫ್. ಕೆನಡಿಗಳನ್ನು ತಲಾ ಒಂದು ಸೆಂಟ್‌ಗೆ ಒಡೆಯುವ ಸಂಸ್ಥೆಗೆ ನೀಡಲಾಯಿತು. ಸುರಕ್ಷಿತವಾಗಿ ಸಾಗಿಸಿ ಒಡೆಯುವ ವೆಚ್ಚವನ್ನು ಕಳೆದರೆ ಉಕ್ಕಿನ ಮೌಲ್ಯ ಅಷ್ಟೇ ಉಳಿಯುತ್ತದೆ ಎಂಬುದು ಇದರ ಲೆಕ್ಕ.

ಬ್ರೆಜಿಲ್: ಫ್ರಾನ್ಸಿನಿಂದ 2000ದಲ್ಲಿ ಕೊಂಡ ಸಾವೊ ಪಾಲೊ ವಿಮಾನವಾಹಕ ನೌಕೆಯನ್ನು ಟರ್ಕಿಯ ಒಡೆಯುವ ಸಂಸ್ಥೆಗೆ ಮಾರಲಾಗಿತ್ತು. 2022ರಲ್ಲಿ ಹಡಗು ದಾರಿಯಲ್ಲಿರುವಾಗಲೇ ಟರ್ಕಿ ಅನುಮತಿ ರದ್ದುಗೊಳಿಸಿತು. ಮರಳಿ ಬಂದ ಹಡಗಿಗೆ ಬ್ರೆಜಿಲ್‌ನ ಬಂದರುಗಳಲ್ಲಿ ಪ್ರವೇಶ ದೊರೆಯಲಿಲ್ಲ. ಕಡೆಗೆ 2023ರ ಫೆಬ್ರುವರಿ 3ರಂದು ಬ್ರೆಜಿಲ್ ನೌಕಾಪಡೆಯು ಅದನ್ನು ಅಟ್ಲಾಂಟಿಕ್ ಸಾಗರದಲ್ಲಿ ಸುಮಾರು 5,000 ಮೀಟರ್ ಆಳಕ್ಕೆ ಮುಳುಗಿಸಿತು.

ರಷ್ಯಾ: ಶೀತಲ ಸಮರದ ಬಳಿಕ ನಿವೃತ್ತವಾದ ಅಣುಶಕ್ತಿಚಾಲಿತ ಜಲಾಂತರ್ಗಾಮಿಗಳು ವರ್ಷಗಟ್ಟಲೆ ಬಂದರುಗಳಲ್ಲಿ ತುಕ್ಕು ಹಿಡಿಯುತ್ತ ನಿಂತಿದ್ದವು. ಅವುಗಳಲ್ಲೊಂದಾದ ಕೆ-159, ಒಡೆಯಲು ಎಳೆದೊಯ್ಯುತ್ತಿದ್ದಾಗ 2003ರ ಆಗಸ್ಟ್ 30ರಂದು ಬ್ಯಾರೆಂಟ್ಸ್ ಸಮುದ್ರದಲ್ಲಿ ಮುಳುಗಿತು. ಅದರಲ್ಲಿದ್ದ 10 ಮಂದಿಯಲ್ಲಿ 9 ಮಂದಿ ಸತ್ತರು. ರಿಯಾಕ್ಟರಿನ ಇಂಧನವನ್ನು ಅದಕ್ಕೂ ಮೊದಲೇ ಹೊರತೆಗೆದಿರಲಿಲ್ಲ.

ನ್ಯೂಜಿಲೆಂಡ್: ಭಾರತದ ಐಎನ್‌ಎಸ್ ಡೆಲ್ಲಿ ಕ್ರೂಸರ್ ನೌಕೆ ಹಿಂದೆ ನ್ಯೂಜಿಲೆಂಡ್ ನೌಕಾಪಡೆಯ ಅಕಿಲಿಸ್ ಆಗಿತ್ತು. 1978ರಲ್ಲಿ ನಿವೃತ್ತವಾಗಿ ಒಡೆಯಲ್ಪಟ್ಟಾಗ ಅದರ ಒಂದು ಫಿರಂಗಿ ಗೋಪುರವನ್ನು ಭಾರತ ಆ ದೇಶಕ್ಕೆ ಕೊಡುಗೆಯಾಗಿ ನೀಡಿತು. ಅದು ಆಕ್ಲೆಂಡ್‌ನ ನೌಕಾನೆಲೆಯಲ್ಲಿದೆ.

ಕರ್ನಾಟಕದಲ್ಲಿ

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಎಂಬ ಕ್ಷಿಪಣಿ ನೌಕೆಯನ್ನು ದಡದ ಮೇಲೆ ಸ್ಥಾಪಿಸಿ ವಸ್ತುಸಂಗ್ರಹಾಲಯವಾಗಿ ಮಾಡಲಾಗಿದೆ. ಸೋವಿಯತ್ ನಿರ್ಮಿತವಾದ ಇದು 1976ರಲ್ಲಿ ಸೇವೆಗೆ ಸೇರಿ 2005ರಲ್ಲಿ ನಿವೃತ್ತವಾಯಿತು. ಪ್ರವಾಸಿಗರು ಹಡಗಿನ ಒಳಹೊಕ್ಕು ಚಾಲನಾ ಕೋಣೆ, ನಾವಿಕರ ವಸತಿ ಮತ್ತು ಕ್ಷಿಪಣಿಗಳ ಮಾದರಿಗಳನ್ನು ನೋಡಬಹುದು. ಇದರ ಸಮೀಪದಲ್ಲೇ ನೌಕಾಪಡೆಯ ನಿವೃತ್ತ ಟಿಯು-142 ಕಡಲ ಗಸ್ತು ವಿಮಾನವನ್ನೂ ಪ್ರದರ್ಶನಕ್ಕೆ ಇಡಲಾಗಿದೆ.

ಸಂರಕ್ಷಣೆಯ ಪ್ರಶ್ನೆ

ಚಪಲ್, ಕುರ್ಸುರಾಗಳು ಉಳಿದು ವಿಕ್ರಾಂತ್, ವಿರಾಟ್‌ಗಳು ಅಳಿದುದರಲ್ಲಿ ಗಾತ್ರದ ಪಾತ್ರ ದೊಡ್ಡದು. ಚಿಕ್ಕ ಹಡಗು ಅಥವಾ ಜಲಾಂತರ್ಗಾಮಿಯನ್ನು ಮರಳಿನ ಮೇಲೆ ಏರಿಸಿ ಕಾಂಕ್ರೀಟ್ ಆಧಾರದ ಮೇಲೆ ನಿಲ್ಲಿಸಿದರೆ ಸಮುದ್ರದ ನೀರಿನ ಸಂಪರ್ಕ ತಪ್ಪುತ್ತದೆ; ನಿರ್ವಹಣೆ ಬಣ್ಣ ಬಳಿಯುವುದಕ್ಕೆ ಸೀಮಿತವಾಗುತ್ತದೆ. 200 ಮೀಟರಿಗಿಂತ ಉದ್ದವಾದ ವಿಮಾನವಾಹಕ ನೌಕೆ ನೀರಿನಲ್ಲೇ ಇರಬೇಕಾಗುತ್ತದೆ. ಅದಕ್ಕೆ ಆಳವಾದ ಬಂದರು, ಅಲೆತಡೆ, ಕೆಲವು ವರ್ಷಗಳಿಗೊಮ್ಮೆ ಹಡಗುಕಟ್ಟೆಯಲ್ಲಿ ದುರಸ್ತಿ ಬೇಕು.

ನೌಕೆಗಳನ್ನು ಉಳಿಸಬೇಕೆನ್ನುವವರು ಅವನ್ನು ರಾಷ್ಟ್ರೀಯ ಸ್ಮಾರಕಗಳಂತೆ ಕಾಣಬೇಕೆಂದೂ, ಪ್ರವೇಶಶುಲ್ಕದಿಂದಲೇ ಖರ್ಚು ತೂಗಿಸಬೇಕೆಂಬ ನಿಯಮ ಇವಕ್ಕೆ ಸಲ್ಲದೆಂದೂ ವಾದಿಸುತ್ತಾರೆ. ವಿರೋಧಿಸುವವರು ರಕ್ಷಣಾ ವೆಚ್ಚದ ಹಣ ಸೇವೆಯಲ್ಲಿರುವ ಹಡಗುಗಳಿಗೆ ಸಲ್ಲಬೇಕೆನ್ನುತ್ತಾರೆ. ವಿಕ್ರಾಂತ್ ಮತ್ತು ವಿರಾಟ್ ಎರಡರಲ್ಲೂ ಸಂರಕ್ಷಣೆಯ ಕಾನೂನು ಹೋರಾಟ ಆರಂಭವಾದದ್ದು ನಿವೃತ್ತಿಯಾಗಿ ವರ್ಷಗಳು ಕಳೆದ ನಂತರ. ಆದ್ದರಿಂದ ಹಡಗು ಸೇವೆಯಲ್ಲಿರುವಾಗಲೇ ಅದರ ಮುಂದಿನ ಗತಿಯನ್ನು, ಸ್ಥಳವನ್ನು ಮತ್ತು ಹಣದ ಮೂಲವನ್ನು ನಿರ್ಧರಿಸುವುದು ಅಗತ್ಯ ಎಂಬ ಅಭಿಪ್ರಾಯ ಈ ಎರಡು ಪ್ರಕರಣಗಳಿಂದ ಬಲಗೊಂಡಿದೆ.